ವೈನಿಗೆ ಹೇಳಿದ ಇಟಲಿಯ ಕಥೆಗಳು

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಯಿತು. ಹೊರಗೆ ಮೋಡ, ಒಳಗೆ ಕತ್ತಲು. ಬಸವಕಲ್ಯಾಣದಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಕಿಟಕಿಯೇ ಇಲ್ಲ. ಡ್ರಾಯರು ತಡಕಿದಾಗ ಒಂದು ಮೋಟು ಮೇಣದಬತ್ತಿ ಸಿಕ್ಕಿತು. ಹಚ್ಚಿದ ಕೂಡಲೇ ಕರೆಂಟು ಬಂತು, ಆರಿಸಿದೆ. ಬೆರಳಿಗೆ ಅಂಟಿದ ಮೇಣವನ್ನು ಉಜ್ಜುತ್ತಾ ಯಾಕೋ ಮೂಗಿನ ಹತ್ತಿರ ತಂದೆ. ಒಮ್ಮೆಲೇ ವೈನಿ ನೆನಪಾದರು...

ವೈನಿ ದಾರವನ್ನು ಬರಿದೇ ಬಳಸುತ್ತಿರಲಿಲ್ಲ. ಸೂಜಿಗೆ ಪೋಣಿಸುವ ಮೊದಲು ಮೇಣದ ಚೂರಿನ ಮೇಲೆ ಎರಡು ಸಲ ಎಳೆಯುತ್ತಿದ್ದರು. ಹಾಗೆ ಮಾಡಿದರೆ ದಾರ ಗಂಟು ಬೀಳುವುದಿಲ್ಲ, ನಾಲ್ಕು ಪದರ ಬಟ್ಟೆಯಲ್ಲೂ ಸರಾಗವಾಗಿ ಹೋಗುತ್ತದೆ. ಅವರ ಪಡಸಾಲೆಯಲ್ಲಿ ಯಾವಾಗಲೂ ಆ ವಾಸನೆ ಇರುತ್ತಿತ್ತು. ಮೇಣ, ಮತ್ತು ಬಿಸಿಲಿಗೆ ಹಾಕಿ ತೆಗೆದ ಹಳೆಯ ಸೀರೆಗಳದ್ದು.

ಅವರು ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ನಮ್ಮೂರು ರಾಜೇಶ್ವರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಗಂಡನನ್ನು ನಾನು ಅಣ್ಣಾ ಅನ್ನುತ್ತಿದ್ದೆ, ಹಾಗಾಗಿ ಇವರು ವೈನಿ. ಹೆಸರು ಬರೆಯುವುದಿಲ್ಲ. ನಮ್ಮೂರಲ್ಲಿ ಫೋನಿನಲ್ಲಿ ಇಂಥದ್ದನ್ನು ಓದುವವರು ಈಗ ಬಹಳ ಜನ ಇದ್ದಾರೆ.

ಕೌದಿ ಹೊಲಿಯುವುದು ಅವರ ಕೆಲಸ. ಊರಿನ ಹೆಂಗಸರು ಮನೆಯ ಹಳೆಯ ಸೀರೆ, ಧೋತರ, ಅಂಗಿ ಎಲ್ಲ ಗಂಟು ಕಟ್ಟಿ ತಂದುಕೊಡುತ್ತಿದ್ದರು. ವೈನಿ ಅವನ್ನು ಹರಿದು, ತುಂಡು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿಗೆ ತರುತ್ತಿದ್ದರು. ಅವರದೊಂದು ಕಟ್ಟುನಿಟ್ಟು ಇತ್ತು. ಒಬ್ಬರ ಮನೆಯ ಕೌದಿಗೆ ಆ ಮನೆಯ ಬಟ್ಟೆಯನ್ನೇ ಹಾಕಬೇಕು. ಬೇರೆ ಮನೆಯ ಬಟ್ಟೆ ಸೇರಿದರೆ ಆ ಮನೆಯ ಜಗಳವೂ ಹಾಸಿಗೆಗೆ ಬರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಉಳಿದ ತುಂಡುಗಳನ್ನು ಕೌದಿಯ ಜೊತೆ ಮತ್ತೆ ಗಂಟು ಕಟ್ಟಿ ಕೊಡುತ್ತಿದ್ದರು. ಒಂದು ಚಿಂದಿಯನ್ನೂ ತಮ್ಮಲ್ಲಿ ಇಟ್ಟುಕೊಂಡಿದ್ದನ್ನು ನಾನು ನೋಡಿಲ್ಲ.

ಈಗ ಇಟಲಿ ಎಲ್ಲಿಂದ ಬಂತು ಎಂದು ಹೇಳಬೇಕು. ನಾನು ಇದನ್ನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಕಲಿತದ್ದು ಬಿ.ಕಾಂ., ಅದೂ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗಿಬಂದು. ನಮ್ಮಪ್ಪ ಕುರಿ ಕಾಯುತ್ತಾರೆ, ಮನೆಯಲ್ಲಿ ಪುಸ್ತಕ ಅಂದರೆ ಪಠ್ಯಪುಸ್ತಕ ಮಾತ್ರ. ಅಣ್ಣ ಹುಮನಾಬಾದಿನಿಂದ ಮಾಣಿಕನಗರಕ್ಕೆ ಆಟೋ ಓಡಿಸುತ್ತಿದ್ದರು. ಒಂದು ದಿನ ನನ್ನನ್ನೂ ಕೂರಿಸಿಕೊಂಡು ಹೋದವರು ಹುಮನಾಬಾದಿನ ಒಂದು ರದ್ದಿ ಅಂಗಡಿ ಮುಂದೆ ನಿಲ್ಲಿಸಿದರು. "ಓದತೀನಿ ಓದತೀನಿ ಅಂತಿದ್ದೆಲ್ಲ, ಹುಡುಕ್ಕೋ" ಅಂದರು. ಅಲ್ಲಿ ಸಿಕ್ಕದ್ದು ಮುಖಪುಟ ಕಿತ್ತುಹೋದ, ಮೊದಲ ಪುಟಗಳೂ ಇಲ್ಲದ ಒಂದು ಇಂಗ್ಲಿಷ್ ಪುಸ್ತಕ. ಇಟಲಿಯ ಹಳೆಯ ಕಥೆಗಳು. ಯಾರು ಸೇರಿಸಿದ್ದು, ಹೆಸರೇನು, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಫೋನಿನಲ್ಲಿ ಒಂದೊಂದೇ ಶಬ್ದದ ಅರ್ಥ ನೋಡಿಕೊಂಡು ಓದಿದೆ. ಮೊದಲ ಕಥೆಗೆ ಹನ್ನೆರಡು ದಿನ ಹಿಡಿಯಿತು. ಆಮೇಲೆ ಬಿಡಲಾಗಲಿಲ್ಲ.

ಆ ಕಥೆಗಳು ಹೇಗಿವೆ ಅಂತೀರಿ. ಆರೇಳುನೂರು ವರ್ಷದ ಹಿಂದಿನ ಊರುಗಳು, ಒಂದೊಂದು ಊರೂ ಒಂದೊಂದು ರಾಜ್ಯ. ಸುತ್ತ ಕೋಟೆ ಗೋಡೆ, ಶ್ರೀಮಂತರ ಮನೆಗೆ ಎತ್ತರದ ಗೋಪುರ. ಗಂಡಂದಿರು ಉಣ್ಣೆ, ರೇಷ್ಮೆ, ಮೆಣಸಿನ ವ್ಯಾಪಾರಕ್ಕೆ ಹಡಗು ಹತ್ತಿ ಹೋಗಿ ತಿಂಗಳುಗಟ್ಟಲೆ ಬರುವುದಿಲ್ಲ. ಹೆಂಡತಿ ಮೇಲಿನ ಕೋಣೆಯ ಕಿಟಕಿಯಲ್ಲಿ. ಅವಳ ಮದುವೆ ಅಪ್ಪ ಮನೆತನ ನೋಡಿ ಮಾಡಿದ್ದು, ಮನಸ್ಸು ಹೋದದ್ದು ಬೇರೆ ಕಡೆ. ಕೆಲವು ಕಥೆಗಳಲ್ಲಿ ಸಂಶಯದ ಗಂಡ ಪೆದ್ದನಾಗುತ್ತಾನೆ, ಊರೆಲ್ಲ ನಗುತ್ತದೆ, ಹೆಂಡತಿ ಗೆಲ್ಲುತ್ತಾಳೆ. ಇನ್ನು ಕೆಲವಲ್ಲಿ ಅಂಥದೇ ಗಂಡ ಕತ್ತಿ ತೆಗೆಯುತ್ತಾನೆ, ಪ್ರೇಮಿಗಳಿಬ್ಬರೂ ಸಾಯುತ್ತಾರೆ. ಸೋಜಿಗ ಅಂದರೆ ನಗಿಸುವ ಕಥೆಗೂ ಅಳಿಸುವ ಕಥೆಗೂ ಮೊದಲರ್ಧ ಒಂದೇ ಥರ. ಯಾವುದೋ ಸಣ್ಣ ಒಂದು ಮಾತಿನಲ್ಲಿ ಕಥೆ ಆ ಕಡೆಯೋ ಈ ಕಡೆಯೋ ಹೊರಳಿಬಿಡುತ್ತದೆ. ಇದನ್ನು ನಾನೇ ಕಂಡುಹಿಡಿದೆ ಎಂದು ಆಗ ಬಹಳ ಹೆಮ್ಮೆಯಿತ್ತು.

ಕಂಡುಹಿಡಿದದ್ದನ್ನು ಯಾರಿಗಾದರೂ ಹೇಳಬೇಕಲ್ಲ. ಕಾಲೇಜಿನ ಗೆಳೆಯರು ಎರಡು ನಿಮಿಷ ಕೇಳಿ ಕ್ರಿಕೆಟ್ಟಿಗೆ ಹೋಗುತ್ತಿದ್ದರು. ಕೇಳಿದವರು ವೈನಿ ಒಬ್ಬರೇ. ಮಧ್ಯಾಹ್ನ ಬಸ್ಸಿಳಿದು, ಊಟ ಮಾಡಿ, ಪುಸ್ತಕ ಹಿಡಿದು ಅವರ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಬಾಗಿಲು ತೆರೆದೇ ಇರುತ್ತಿತ್ತು. ಗೋಡೆಯಾಚೆ ನಮ್ಮವ್ವ ಕಾಳು ಹಸನು ಮಾಡುವ ಸಪ್ಪಳ. ವೈನಿ ಕೌದಿಯ ಮೇಲೆಯೇ ಕುಳಿತು ಹೊಲಿಯುತ್ತಾ ಕೇಳುತ್ತಿದ್ದರು.

ಸುಮ್ಮನೆ ಕೇಳುವವರೂ ಅಲ್ಲ.

"ತಮ್ಮಾ, ನಿನ್ನ ಇಟಲ್ಯಾಗ ಹೆಣ್ಣಮಕ್ಕಳಿಗಿ ಕೆಲಸಾ ಇರಲಿಲ್ಲೇನು? ದಿನಾ ಕಿಡಕ್ಯಾಗ ನಿಂತರ ರೊಟ್ಟಿ ಬಡಿಯೋರು ಯಾರು?"

"ಆಳಮಂದಿ ಇದ್ರು ವೈನಿ."

"ಹಂಗಾರ ಆಳಮಂದಿ ಕಥಿ ಹೇಳು. ಅವರಿಗಿ ಯಾರ ಮ್ಯಾಲೂ ಮನಸ ಆಗಲಿಲ್ಲೇನು?"

ಇನ್ನೊಂದು ದಿನ ಒಬ್ಬ ಗಂಡ ಹೆಂಡತಿಯನ್ನು ಕೊಂದು ಕಥೆ ಮುಗಿಯಿತು. ನಾನು ಗಂಭೀರವಾಗಿ ಪುಸ್ತಕ ಮುಚ್ಚಿದೆ. ವೈನಿ ದಾರವನ್ನು ಮೇಣಕ್ಕೆ ಎಳೆಯುತ್ತಾ ಕೇಳಿದರು. "ಮರುದಿನ ಅಂವಗ ಊಟಕ್ಕ ಯಾರ ನೀಡಿದ್ರು?"

"ಅದೆಲ್ಲಾ ಬರದಿಲ್ರಿ."

"ಬರೀಬೇಕು. ಅಂವಗ ಖರೆ ಬುದ್ಧಿ ಅಲ್ಲೇ ಬಂದಿರತದ."

ಆ ಗಂಡಂದಿರನ್ನು ನಾನು ರಾಕ್ಷಸರ ಹಾಗೆ ಹೇಳುತ್ತಿದ್ದೆ. ವೈನಿ ಒಬ್ಬೊಬ್ಬರನ್ನೂ ಮನುಷ್ಯನನ್ನಾಗಿ ಮಾಡಿ ವಾಪಸ್ ಕೊಡುತ್ತಿದ್ದರು. ಯಾಕೆ ಎಂದು ಆಗ ತಿಳಿಯಲಿಲ್ಲ. ಅವರಿಗೆ ಅಂಥ ಒಬ್ಬರ ಜೊತೆ ಬಾಳಿ ಗೊತ್ತಿತ್ತು.

ಅಣ್ಣ ಕೆಟ್ಟ ಮನುಷ್ಯನಲ್ಲ. ನನಗೆ ಪುಸ್ತಕದ ದಾರಿ ತೋರಿಸಿದವರೇ ಅವರು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆದರೆ ಶಕ್ ಇತ್ತು. ದಿನಕ್ಕೆ ಮೂರು ಸಲ ಫೋನು. ಯಾರು ಬಂದಿದ್ದರು, ಎಷ್ಟೊತ್ತು ಕೂತಿದ್ದರು. ಗಂಡಸರು ಯಾರಾದರೂ ಹೆಂಡತಿಯ ಬದಲು ಗಂಟು ತಂದರೆ ವೈನಿ ಅದನ್ನು ಹೊಸ್ತಿಲಲ್ಲೇ ಇಡಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿರಲಿಲ್ಲ. ಅಣ್ಣನೇ ಒಮ್ಮೆ ಆಟೋ ಓಡಿಸುತ್ತಾ ನಗುತ್ತಾ ಹೇಳಿದ್ದರು.

"ನನ್ನ ತಲ್ಯಾಗ ಒಂದು ಹುಳಾ ಅದ ತಮ್ಮಾ. ನನಗೂ ಗೊತ್ತದ. ನಿಮ್ಮ ವೈನಿ ದಿನಾ ಸಂಜಿಗಿ ಅದಕ್ಕ ಕಾಳ ಹಾಕತಾಳ, ಅದು ಸುಮ್ನ ಮಲಕ್ಕೊತದ."

ಆ ಕಾಳು ಯಾವುದೆಂದು ನಾನು ದಿನವೂ ಕೇಳುತ್ತಿದ್ದೆ. ಸಂಜೆ ಅಣ್ಣ ಬಂದು ಅಂಗಳದಲ್ಲಿ ಕಾಲು ತೊಳೆಯುವಾಗ ವೈನಿ ತಂಬಿಗೆ ಹಿಡಿದು ನೀರು ಹಾಕುತ್ತಾ, ಆ ದಿನ ನಡೆದದ್ದೆಲ್ಲವನ್ನೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು.

"ಮ್ಯಾಲಿನ ಓಣಿ ಅಕ್ಕ ಬಂದಿದ್ಳು, ಎರಡು ಸೀರಿ ತಂದಾಳ. ಆಕಿ ಗಂಡ ಹೊಸ್ತಿಲ ತನಕ ಬಂದ, ನೀರ ಕುಡದ, ಹೋದ. ಪೋಸ್ಟಿನಂವ ಪಕ್ಕದ ಮನಿ ಯಾವ್ದು ಅಂತ ಕೇಳಿದ. ಈ ಇಟಲಿ ತಮ್ಮ ಒಂದು ಹೆಣಾ ಕೆಡವಿ ಹೋದ."

ಅಣ್ಣ ನಗುತ್ತಿದ್ದರು. ಆ ಮನೆಯ ನೆಮ್ಮದಿ ನಿಂತದ್ದೇ ಆ ಒಂದು ತಂಬಿಗೆ ನೀರಿನ ಹೊತ್ತಿನ ಮೇಲೆ. ಎದುರಿಗೇ ಇದ್ದರೂ ನನಗೆ ಕಾಣಲಿಲ್ಲ.

ಒಂದು ಭಾನುವಾರ ಅಣ್ಣನೂ ಕಥೆಗೆ ಕೂತರು. ಅವತ್ತಿನದು ಉಣ್ಣೆ ವ್ಯಾಪಾರಿಯ ಕಥೆ. ಅವನ ಹೆಂಡತಿಗೂ ಬಟ್ಟೆಗೆ ಬಣ್ಣ ಹಾಕುವ ಒಬ್ಬ ತರುಣನಿಗೂ ಪ್ರೀತಿ. ವ್ಯಾಪಾರಿಗೆ ಸುಳಿವು ಸಿಗುತ್ತದೆ. ಅವನು ಕೂಗಾಡುವುದಿಲ್ಲ. ಆ ತರುಣನನ್ನು ಊಟಕ್ಕೆ ಕರೆಯುತ್ತಾನೆ. ಎಲ್ಲರ ಎದುರಿಗೆ ಹೆಂಡತಿಯನ್ನು ಮೂರು ಸಲ ಕೇಳುತ್ತಾನೆ, ಇವನು ನಿನಗೆ ಗೊತ್ತೇನು ಎಂದು. ಅವಳು ಮೂರು ಸಲವೂ ಗೊತ್ತಿಲ್ಲ ಅನ್ನುತ್ತಾಳೆ. ಹಾಗಾದರೆ ಇವನು ಸತ್ತರೆ ನಿನಗೆ ನಷ್ಟವಿಲ್ಲ ಎಂದು ಅವನು ಅಲ್ಲೇ ತರುಣನನ್ನು ತಿವಿಯುತ್ತಾನೆ. ಅವಳು ಎದ್ದು ಹೋಗಿ ಗೋಪುರದಿಂದ ಹಾರುತ್ತಾಳೆ.

ಅಣ್ಣ ಅಂದರು, "ಮೂರು ಸಲ ಕೇಳ್ಯಾನ ನೋಡು. ಕೊಲ್ಲಾಂವ ಮೂರು ಸಲ ಯಾಕ ಕೇಳತಾನ? ಅಂವಗ ಹೌದು ಅನ್ನಿಸ್ಕೊಬೇಕಾಗಿತ್ತು."

"ಹೌದು ಅಂದಿದ್ರ ಇಬ್ರನ್ನೂ ಕೊಲ್ಲತಿದ್ದ ಅಣ್ಣಾ."

ವೈನಿ ದಾರವನ್ನು ಹಲ್ಲಿನಲ್ಲಿ ಕಡಿದರು. "ಯಾರಿಗಿ ಗೊತ್ತು? ಅಕಿ ಹೇಳಿ ನೋಡಲೇ ಇಲ್ಲಲ್ಲ."

ನಾನು ಪಂಡಿತನ ಹಾಗೆ ಅಂದೆ, "ವೈನಿ, ಇಂಥಾ ಕಥ್ಯಾಗ ಗಂಡಗ ಹೇಳಿದೋರು ಒಬ್ರೂ ಉಳದಿಲ್ಲ."

ಆ ವರ್ಷ ದೀಪಾವಳಿ ಕಳೆದ ಮೇಲೆ ಥಂಡಿ ಜೋರಾಯಿತು. ಬೆಳಗಿನ ಗಾಳಿಗೆ ಆಟೋ ಓಡಿಸಿ ಅಣ್ಣನಿಗೆ ಮೊಣಕಾಲು ನೋವು. ವೈನಿ ತಮ್ಮ ಮನೆಗೇ ಒಂದು ಕೌದಿ ಹೊಲಿಯಲು ಶುರುಮಾಡಿದರು. ಹನ್ನೊಂದು ವರ್ಷದಲ್ಲಿ ಮೊದಲನೆಯದು. ಊರಿಗೆಲ್ಲ ಹೊಲಿದವರ ಮನೆಯಲ್ಲಿ ಹೊದೆಯಲು ಅಂಗಡಿಯ ಚಾದರವೇ ಇತ್ತು. ಮದುವೆಯ ಸೀರೆ ಒಂದನ್ನು ಬಿಟ್ಟು ಹಳೆಯದೆಲ್ಲ ತೆಗೆದರು. ಅಣ್ಣನ ಖಾಕಿ ಅಂಗಿಗಳನ್ನು ಮೂಲೆಗಳಿಗೆ ಇಟ್ಟರು. ಕೌದಿಯನ್ನು ಹಿಡಿದು ಎಳೆಯುವುದು ಮೂಲೆಯಲ್ಲೇ, ಅಲ್ಲಿ ಗಟ್ಟಿ ಬಟ್ಟೆ ಬೇಕು. ಮೂರು ಮೂಲೆಗೆ ಖಾಕಿ ಸಾಕಾಯಿತು. ನಾಲ್ಕನೆಯದಕ್ಕೆ ಇಲ್ಲ.

ಎರಡು ದಿನ ಅದು ಹಾಗೇ ಬಿದ್ದಿತ್ತು. ಮೂರನೇ ದಿನ ನಾನು ಮನೆಗೆ ಹೋಗಿ ಕಂಕುಳಲ್ಲಿ ಹರಿದಿದ್ದ ನನ್ನ ನೀಲಿ ಚೌಕಡಿ ಅಂಗಿ ತಂದು ಅವರ ಮುಂದೆ ಇಟ್ಟೆ.

"ಬ್ಯಾಡ ತಮ್ಮಾ. ಇದು ಮನಿ ಕೌದಿ. ಹೊರಗಿನ ಬಟ್ಟಿ ಸೇರಸಬಾರದು."

"ನಾ ಹೊರಗಿನಾಂವ ಏನ್ರಿ?"

ಅವರು ತಲೆ ಎತ್ತಿ ನೋಡಿದರು. ನನ್ನ ಮುಖ ಸಣ್ಣದಾಗಿತ್ತೋ ಏನೋ. "ಹಂಗಲ್ಲೋ... ಆಯ್ತು, ತಾ ಇಲ್ಲಿ. ಸಂಜಿಗಿ ನಿಮ್ಮ ಅಣ್ಣಗ ಹೇಳತೀನಿ, ನಗತಾನ."

ಆಗ ನಾನು ಆ ಮಾತು ಆಡಿದೆ.

"ಹೇಳಬ್ಯಾಡ್ರಿ ವೈನಿ."

"ಯಾಕೋ?"

"ಸುಮ್ನ. ಅಣ್ಣಗ ತಾನೇ ಗೊತ್ತಾಗತದೇನು ನೋಡೋಣ."

ವೈನಿ ನಕ್ಕರು. "ಸುಟ್ಟಬರಲಿ ನಿನ್ನ ಇಟಲಿ ಬುದ್ಧಿ" ಅಂದರು. ಆದರೆ ಆ ಸಂಜೆ ಅಣ್ಣನ ಕಾಲಿಗೆ ನೀರು ಹಾಕುವಾಗ ಬಂದವರು ಹೋದವರು ಎಲ್ಲರನ್ನೂ ಹೇಳಿದರು, ಅಂಗಿಯೊಂದನ್ನು ಬಿಟ್ಟು. ನಾನು ಗೋಡೆಯಾಚೆ ನಿಂತು ಕೇಳಿದೆ. ಯಾಕೆ ಬಿಟ್ಟರೋ... ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಂಗತಿಯನ್ನು ತನ್ನಲ್ಲೇ ಇಟ್ಟುಕೊಂಡು ನೋಡುವ ಆಸೆ ಅವರಿಗೂ ಆಗಿತ್ತೇನೋ.

ನನಗೆ ಮಾತ್ರ ಅವತ್ತು ಖುಷಿಯೋ ಖುಷಿ. ಗುಟ್ಟು, ಬಟ್ಟೆಯ ತುಂಡು, ಏನೂ ತಿಳಿಯದ ಗಂಡ. ನಾನೇ ಒಂದು ಕಥೆಯೊಳಗೆ ಕಾಲಿಟ್ಟ ಹಾಗೆ. ವೈನಿಯ ಮೇಲೆ ನನಗೆ ಅಂಥ ಮನಸ್ಸು ಇರಲಿಲ್ಲ. ಇರಲಿಲ್ಲ ಎಂದು ಟೈಪು ಮಾಡುವಾಗ ಕೈ ಒಂದು ಗಳಿಗೆ ನಿಂತಿತು, ಅದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದವನಿಗೆ ತನ್ನ ಮನಸ್ಸು ಎಷ್ಟು ಗೊತ್ತಿರುತ್ತದೆ. ಆದರೆ ಅವರ ಮನಸ್ಸಿನಲ್ಲಿ ನಾನು ಕಥೆ ಹೇಳುವ ತಮ್ಮ ಮಾತ್ರ. ಅದರಲ್ಲಿ ಎಳ್ಳಷ್ಟೂ ಅನುಮಾನ ಬೇಡ.

ಕೌದಿ ಮುಗಿಯಿತು. ತಿಂಗಳೊಪ್ಪತ್ತು ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಬಸ್ಸಿಳಿದರೆ ರಾಜೇಶ್ವರದ ಸ್ಟ್ಯಾಂಡಿನಲ್ಲಿ ಅಣ್ಣನ ಆಟೋ ನಿಂತಿತ್ತು. ಆ ಹೊತ್ತಿಗೆ ಅವರು ಹುಮನಾಬಾದಿನಲ್ಲಿ ಇರಬೇಕಾದವರು.

"ಬಾ, ಕೂಡು" ಅಂದರು. ಆಟೋ ಶುರು ಮಾಡಲಿಲ್ಲ.

"ಮನ್ಯಾಗ ಹೊಸಾ ಕೌದಿ ನೋಡಿಯಲ್ಲ. ಮೂರು ಮೂಲಿ ನನ್ನ ಖಾಕಿ. ಒಂದು ಮೂಲಿ ನೀಲಿ ಚೌಕಡಿ, ಗಂಡಸರ ಅಂಗಿದು. ಇವತ್ತ ಮುಂಜಾನಿ ನಾನೇ ಮಡಿಚಿ ಇಡಬೇಕಾದ್ರ ಕಂಡಿತು. ಕೇಳಿದೆ. ಯಾರದೋ ಗಂಟಿನಾಗ ಉಳದಿತ್ತು ಅಂದ್ಳು." ಹ್ಯಾಂಡಲನ್ನು ಬೆರಳಿನಿಂದ ಬಡಿಯುತ್ತಿದ್ದರು. "ನಿಮ್ಮ ವೈನಿ ಮಂದಿ ಬಟ್ಟಿ ಯಾವಾಗರ ಇಟ್ಟಕೊಂಡಾಳೇನು? ನೀನೇ ಹೇಳು."

ನಾನು ಇಲ್ಲ ಅನ್ನುವಂತೆ ತಲೆ ಆಡಿಸಿದೆ.

"ಮಧ್ಯಾಹ್ನ ನೀ ಅಲ್ಲೇ ಇರತಿ. ಯಾರ ಬರತಾರ, ಯಾರ ಹೋಗತಾರ, ನಿನಗ ಕಾಣತದ. ನೀ ಓದಿದಾಂವ, ಸುಳ್ಳ ಹೇಳಾಂವಲ್ಲ. ಆ ಅಂಗಿ ಯಾರದು ತಮ್ಮಾ?"

ನನ್ನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ ನೋಡಿ. ಅದೇ ಅಂಗಿ ಹಾಕಿಕೊಂಡು ಅವರ ಆಟೋದಲ್ಲಿ ಎಷ್ಟು ಸಲ ಕೂತಿದ್ದೆ. ನಂದು ಅಂದಿದ್ದರೆ ಎರಡಕ್ಷರ. ಆದರೆ ವೈನಿ ಬೇರೆ ಹೇಳಿಯಾಗಿದೆ, ನಾನು ಖರೆ ಹೇಳಿದರೆ ಅವರು ಸುಳ್ಳಾಗುತ್ತಾರೆ ಎಂದು ಹೊಳೆಯಿತು. ಅದರ ಕೆಳಗೆ ಬರೀ ಹೆದರಿಕೆ ಇತ್ತು. ಅದಕ್ಕೂ ಕೆಳಗೆ ಆ ಮುಖಪುಟವಿಲ್ಲದ ಪುಸ್ತಕ. ಹೇಳಿದವರು ಯಾರೂ ಉಳಿದಿಲ್ಲ.

"ನನಗ ಗೊತ್ತಿಲ್ಲ ಅಣ್ಣಾ."

ಅವರು ತಲೆಯಾಡಿಸಿ ಆಟೋ ಶುರು ಮಾಡಿದರು. ನನ್ನನ್ನು ಮನೆಯ ಮುಂದೆ ಇಳಿಸಿ ಹುಮನಾಬಾದಿನ ಕಡೆ ಹೊರಟುಹೋದರು. ನಾನು ಓಡಿ ವೈನಿಯ ಪಡಸಾಲೆಗೆ ಹೋದೆ. ಅವರಿಗೆ ಒಳ್ಳೆಯ ಸುದ್ದಿ ತಂದಿದ್ದೇನೆ ಅನ್ನುವಂತೆ ಎಲ್ಲ ಹೇಳಿದೆ. ವೈನಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟರು.

"ಮುಂಜಾನಿ ಗಾಬರ್ಯಾಗಿ ಬಾಯಿಗಿ ಬಂದದ್ದ ಅಂದೆ. ಇವತ್ತ ಸಂಜಿಗಿ ನಾ ಖರೆ ಹೇಳಬೇಕಂತ ಮಾಡಿದ್ನೆಲ್ಲೋ..."

"ಹೇಳ್ರಿ ವೈನಿ. ಈಗೂ ಹೇಳ್ರಿ."

"ಈಗ ಹ್ಯಾಂಗ ಹೇಳಲಿ? ನಾ ಹೇಳಿದ್ರ ನೀ ಸುಳ್ಳಾಗತಿ. ಅಂವ ನಿನ್ನ ಮ್ಯಾಲ ಭಾಳ ವಿಶ್ವಾಸ ಇಟ್ಟಾನ."

ನಾನೇ ನಾಳೆ ಅಣ್ಣನಿಗೆ ಹೇಳುತ್ತೇನೆ ಅಂದೆ. ವೈನಿ ನಂಬಿದರು. ನಾಳೆ ಅನ್ನುವುದು ಎಂಟು ದಿನವಾಯಿತು. ಬೆಳಿಗ್ಗೆ ಅಣ್ಣನ ಆಟೋ ಹೊರಡುವವರೆಗೆ ನಾನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಸಂಜೆ ತಂಬಿಗೆಯ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ವೈನಿ ಹೇಳುವುದನ್ನು ನಿಲ್ಲಿಸಿದ್ದರೋ, ಅಣ್ಣ ಕೇಳುವುದನ್ನು ನಿಲ್ಲಿಸಿದ್ದರೋ...

ಭಾನುವಾರ ನಡುಗೋಡೆಯ ಮೇಲೆ ಕೌದಿಯನ್ನು ಬಿಸಿಲಿಗೆ ಹಾಕಿದ್ದರು. ಅಣ್ಣ ಬಕೆಟ್ಟಿನಲ್ಲಿ ನೀರು ಹಿಡಿದು ಆಟೋ ತೊಳೆಯುತ್ತಿದ್ದರು. ನಾನು ನಮ್ಮ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ನಮ್ಮವ್ವ ಕಸ ಚೆಲ್ಲಲು ಹೋದವಳು ಗೋಡೆಯ ಹತ್ತಿರ ನಿಂತು ಕೌದಿಯ ಮೂಲೆ ಹಿಡಿದು ನೋಡಿದಳು.

"ಏ, ಇದು ನಮ್ಮ ಹುಡುಗನ ಅಂಗಿ ಅದಲ್ಲ? ಇಲ್ಲಿ ಸೇರ್ಯಾದ ನೋಡು. ಮನಿಯೆಲ್ಲಾ ಹುಡುಕಿದ್ನೆವ್ವಾ ಇದನ್ನ. ಕಂಕುಳಾಗ ನಾಕು ಹೊಲಿಗಿ ಹಾಕಿದ್ರ ಇನ್ನೊಂದು ವರ್ಷ ಬರತಿತ್ತು."

ಅವಳಿಗೆ ಏನು ಗೊತ್ತು. ನಗುತ್ತಲೇ ಅಂದಳು. ವೈನಿ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಬಕೆಟ್ಟಿನಲ್ಲಿ ಉಳಿದ ನೀರನ್ನು ಆಟೋದ ಗಾಲಿಗೆ ನಿಧಾನವಾಗಿ ಸುರಿದು, ಬಕೆಟ್ಟನ್ನು ಬೋರಲು ಹಾಕಿ, ನನ್ನ ಕಡೆ ನೋಡಿದರು. ನಾನು ಪುಸ್ತಕ ನೋಡಿದೆ.

ಕೂಗಾಟ ಕೇಳಲಿಲ್ಲ. ಕತ್ತಿಯಿಲ್ಲ, ಗೋಪುರವಿಲ್ಲ. ಮೂರನೇ ದಿನ ಬೆಳಿಗ್ಗೆ ವೈನಿ ಒಂದು ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು ಅವ್ವನಿಗೆ, "ಹೋಗಿ ಬರತೀನವ್ವಾ, ಕೊ‌ಹಿನೂರಕ್ಕ" ಅಂದರು. ಅದು ಅವರ ತವರು.

"ಎಷ್ಟ ದಿನಾ?" ಅಂದಳು ಅವ್ವ.

"ನೋಡಬೇಕು."

ನಾನು ಒಳಗಿನ ಕೋಣೆಯಲ್ಲಿದ್ದೆ. ನನ್ನನ್ನು ಕೇಳಲಿಲ್ಲ. ಅಣ್ಣನೇ ಅವರನ್ನು ಆಟೋದಲ್ಲಿ ಬಿಟ್ಟುಬಂದರು. ಸಂಜೆ ತಾವೇ ತಂಬಿಗೆ ಹಿಡಿದು ಕಾಲಿಗೆ ನೀರು ಹಾಕಿಕೊಂಡರು. ತಿಂಗಳಾದ ಮೇಲೆ ಮನೆಗೆ ಬೀಗ ಹಾಕಿ ಹುಮನಾಬಾದಿನಲ್ಲಿ ಒಂದು ಖೋಲಿ ಹಿಡಿದರು. ಅರ್ಧ ಹೊಲಿದ ಕೌದಿಗಳ ಗಂಟುಗಳನ್ನು ಹೆಂಗಸರು ಬಂದು ಒಯ್ದರು. ಊರಲ್ಲಿ ಕಥೆ ಹುಟ್ಟಿತು. ಒಬ್ಬೊಬ್ಬರದು ಒಂದೊಂದು ಥರ. ಯಾವ ಕಥೆಯಲ್ಲೂ ವೈನಿ ಕೌದಿ ಹೊಲಿಯುತ್ತಿರಲಿಲ್ಲ.

ಅಣ್ಣನ ಹತ್ತಿರ ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ಮಾಣಿಕನಗರದ ಆಟೋ ಸ್ಟ್ಯಾಂಡಿನಲ್ಲಿ ಸವಾರಿಗೆ ಕಾಯುತ್ತಾ ಕೂತಿದ್ದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೇ ಹೋದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಎಲ್ಲ ಹೇಳಿದೆ. ಅಂಗಿ ನಾನೇ ಒತ್ತಾಯ ಮಾಡಿ ಕೊಟ್ಟದ್ದು, ಹೇಳಬೇಡಿ ಅಂದದ್ದು ನಾನು, ಅವರು ಹೇಳಲು ಹೊರಟಾಗ ನನ್ನ ಸುಳ್ಳು ಅಡ್ಡ ಬಂದದ್ದು.

ಅಣ್ಣ ಸಿಟ್ಟಾಗಲಿಲ್ಲ. "ಮೊದಲನೇ ದಿನ ಹೇಳಿದ್ರ ನಗತಿದ್ದೆ ತಮ್ಮಾ" ಅಂದರು. "ನಿನ್ನ ಅಂಗಿ ಅಂದ್ರ ನನಗೇನು? ನೀ ನಮ್ಮ ಹುಡುಗ."

"ಹಂಗಾರ ವೈನೀನ ಕರಕೊಂಡು ಬರ್ರಿ ಅಣ್ಣಾ. ಅವರದೇನೂ ತಪ್ಪಿಲ್ಲ."

"ತಪ್ಪಿಲ್ಲ ಅಂತ ನನಗೂ ಅನಸ್ತದ." ಅವರು ರಸ್ತೆಯ ಕಡೆ ನೋಡುತ್ತಿದ್ದರು. "ಹನ್ನೊಂದು ವರ್ಷ ದಿನಾ ಸಂಜಿಗಿ ಹೇಳ್ಯಾಳ ಅಕಿ. ನಾ ಎಲ್ಲಾ ಖರೆ ಅಂತ ಇಟ್ಟಕೊಂಡಿದ್ದೆ. ಒಂದು ಬಿಟ್ಟಿದ್ದಾಳ ಅಂದ ಮ್ಯಾಲ, ಅದರಾಗ ಇನ್ನ ಯಾವ್ಯಾವ್ದು ಬಿಟ್ಟಾಳ ಅಂತ ಎಣಿಸ್ಕೋತ ಕೂಡತೀನಿ. ಇಲ್ಲ ಅಂತ ಗೊತ್ತದ. ಆದರೂ ಕೂಡತೀನಿ. ಮತ್ತ ಕರಕೊಂಡು ಬಂದು ಅಕಿಗಿ ದಿನಾ ಈ ಕಾಟ ಹಚ್ಚಲೇನು?"

ಸವಾರಿ ಬಂತು, ಒಂದು ಮನೆಯವರು, ಐದು ಜನ. ಅಣ್ಣ ಎದ್ದು ಅವರ ಚೀಲ ಎತ್ತಿಡಲು ಹೋದರು. ನಾನು ಅಲ್ಲೇ ನಿಂತೆ. ನಗಿಸುವ ಕಥೆಗೂ ಅಳಿಸುವ ಕಥೆಗೂ ಮೊದಲರ್ಧ ಒಂದೇ ಎಂದು ನಾನೇ ಅಲ್ಲವೇ ಕಂಡುಹಿಡಿದವನು. ನಮ್ಮದು ನಗುವ ಕಥೆಯಾಗಲು ಎಲ್ಲವೂ ಇತ್ತು. ನಗಲು ಗಂಡ ತಯಾರಿದ್ದರು.

ಕೊಹಿನೂರಕ್ಕೆ ಹೋದದ್ದು ಒಂದೇ ಸಲ. ವೈನಿಯ ತಮ್ಮನ ಮನೆ. ಅಂಗಳದಲ್ಲಿ ತೊಗರಿ ಬಡಿದು ರಾಶಿ ಮಾಡಿದ್ದರು. ವೈನಿ ಮೊರ ಹಿಡಿದು ತೂರುತ್ತಿದ್ದರು. ತಲೆ, ರೆಪ್ಪೆ ಎಲ್ಲ ಹೊಟ್ಟು. ನೋಡಿ ಗುರುತು ಹಿಡಿದು, ಒಳಗಿನಿಂದ ನೀರು ತಂದುಕೊಟ್ಟರು. ಹೊಲಿಯುತ್ತೀರಾ ಎಂದು ಕೇಳಿದೆ.

"ಇಲ್ಲ. ಇಲ್ಲಿ ಯಾರರ ಗಂಟ ತಂದ್ರ, ಕೈಯಾಗ ಹಿಡದ ಕೂಡಲೇ ಮೂಲಿ ನೋಡತೀನಿ. ಮುಂದ ಸೂಜಿ ಹೋಗಂಗಿಲ್ಲ."

ತಪ್ಪಾಯಿತು ವೈನಿ ಅಂದೆ. ಮಾಣಿಕನಗರಕ್ಕೆ ಹೋಗಿ ಎಲ್ಲ ಹೇಳಿಬಂದಿದ್ದೇನೆ ಅಂದೆ. ಅವರು ಮೊರವನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. ಸಿಟ್ಟು ಇರಲಿಲ್ಲ. ದಣಿವಿತ್ತು. ಮನೆಯೊಳಗಿನಿಂದ ಅವರ ತಮ್ಮನ ಹೆಂಡತಿ ಎರಡು ಸಲ ಇಣುಕಿ ನೋಡಿದಳು.

"ನೀ ಚೊಲೋ ಹುಡುಗ ಇದ್ದಿ" ಅಂದರು. "ಆದರ ಇನ್ನೊಮ್ಮಿ ಬರಬ್ಯಾಡ ತಮ್ಮಾ. ನೀ ಬಂದಿ ಅಂದ್ರ, ಯಾರು, ಯಾಕ ಬಂದಿದ್ದ, ಎಷ್ಟೊತ್ತು ಕೂತ, ಎಲ್ಲಾ ನಾ ಮತ್ತ ಇಲ್ಲಿ ಹೇಳಬೇಕು. ಹೇಳಿ ಹೇಳಿ ನನಗ ಸಾಕಾಗ್ಯಾದ."

ಗ್ಲಾಸು ವಾಪಸ್ ಕೊಟ್ಟು ಹೊರಟುಬಂದೆ.

ಅದಾಗಿ ಐದು ವರ್ಷ. ಅಣ್ಣ ಇನ್ನೂ ಮಾಣಿಕನಗರಕ್ಕೆ ಆಟೋ ಓಡಿಸುತ್ತಾರೆ, ಕಂಡರೆ ಹಾರ್ನ್ ಹೊಡೆಯುತ್ತಾರೆ, ನಿಲ್ಲಿಸುವುದಿಲ್ಲ. ನಾನು ಆ ಇಟಲಿಯ ಕಥೆಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಫೋನಿನಲ್ಲಿ ಹಾಕಿದರೆ ಓದುವವರಿದ್ದಾರೆ, ಚೆನ್ನಾಗಿದೆ ಅನ್ನುತ್ತಾರೆ. ಹೆಂಡತಿಯನ್ನು ಕೊಂದ ಮರುದಿನ ಅವನಿಗೆ ಊಟಕ್ಕೆ ಯಾರು ನೀಡಿದರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅಂಥ ಜಾಗ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಟೈಪು ನಿಲ್ಲಿಸುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ...

ಕೊಹಿನೂರದ ಬಸ್ಸು ನಮ್ಮ ಅಂಗಡಿಯ ಎದುರಿಗೇ ನಿಲ್ಲುತ್ತದೆ. ಮಧ್ಯಾಹ್ನ ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ, ಸಂತೆಯ ಚೀಲ ಹಿಡಿದ ಹೆಂಗಸರು ಹತ್ತುತ್ತಾರೆ. ಹತ್ತಿ ಕೂತರೆ ಒಂದು ತಾಸಿನ ಒಳಗೆ ಆ ಅಂಗಳದಲ್ಲಿ ಇರಬಹುದು. ಹೇಗಿದ್ದೀರಿ ವೈನಿ ಎಂದು ಕೇಳಬಹುದು. ನಾನು ಕೌಂಟರಿನ ಹಿಂದೆ ನಿಂತು ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಿರುತ್ತೇನೆ. ಬಸ್ಸು ಹೋಗುತ್ತದೆ. ವೈನಿಗಾಗಿ ನಾನು ಮಾಡಬಹುದಾದ ಕೆಲಸ ಇನ್ನು ಇದೊಂದೇ, ಹೋಗದೇ ಇರುವುದು. ದಿನಾ ಮಾಡುತ್ತಿದ್ದೇನೆ.